ಬಾಡಿಗೆ ಮನೆಯಲ್ಲಿ ನೆರವಿನ ನಾಯಿ: ಸರ್ಟಿಫಿಕೇಟ್ ಕೊಳ್ಳಬೇಡಿ, ಪತ್ರ ಬರೆಯಿರಿ

ಪ್ರಶ್ನೆ: ಮೇಡಂ, ನಾವು ನ್ಯೂಜೆರ್ಸಿಯ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರಲ್ಲಿ ಬಾಡಿಗೆಗೆ ಇದ್ದೇವೆ. ನಾನು ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಮೂರು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ಅಪಘಾತವಾದ ಮೇಲೆ ನಿದ್ದೆಯಲ್ಲಿ ಕೂಗಿಕೊಂಡು ಏಳುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಗುವುದು ನಡೆದೇ ಇದೆ. ಮೈಸೂರಿನ ಮನೋವೈದ್ಯರೊಬ್ಬರಿಂದ ವೀಡಿಯೊ ಮೂಲಕ ಸಲಹೆ ಪಡೆಯುತ್ತೇನೆ. ಇಲ್ಲಿಯ ಫ್ಯಾಮಿಲಿ ಡಾಕ್ಟರಿಗೂ ಎಲ್ಲ ಗೊತ್ತು, ಮಾತ್ರೆ ಬರೆದುಕೊಡುವವರು ಅವರೇ. ನಮ್ಮ ಜರ್ಮನ್ ಶೆಫರ್ಡ್ ನಾಯಿ ರಾತ್ರಿ ನಾನು ನರಳಲು ಶುರುಮಾಡಿದ ಕೂಡಲೇ ಮಂಚ ಹತ್ತಿ ಮುಖ ನೆಕ್ಕಿ ಎಬ್ಬಿಸುತ್ತದೆ. ಅದು ಬಂದ ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೇನೆ. ಹಳೆಯ ಮ್ಯಾನೇಜರ್ ಏನೂ ಹೇಳಿರಲಿಲ್ಲ. ಹೊಸಬರು ಬಂದು ನೋಟಿಸ್ ಕೊಟ್ಟಿದ್ದಾರೆ: ಸಾಕುಪ್ರಾಣಿಗೆ 500 ಡಾಲರ್ ಶುಲ್ಕ, ತಿಂಗಳಿಗೆ 60 ಡಾಲರ್ ಪೆಟ್ ರೆಂಟ್, ಅದರ ಮೇಲೆ ಈ ತಳಿಗೆ ಇಲ್ಲಿ ಅವಕಾಶವೇ ಇಲ್ಲ, 30 ದಿನಗಳಲ್ಲಿ ಬೇರೆ ಏರ್ಪಾಡು ಮಾಡಿ ಎಂದು. ಇಂಟರ್ನೆಟ್ಟಿನಲ್ಲಿ 149 ಡಾಲರಿಗೆ ಸರ್ಟಿಫಿಕೇಟ್, ಗುರುತಿನ ಚೀಟಿ, ನಾಯಿಗೆ ತೊಡಿಸುವ ಅಂಗಿ ಎಲ್ಲ ಸಿಗುತ್ತದೆ, ಅದನ್ನು ಕೊಂಡು ತೋರಿಸು ಎನ್ನುತ್ತಾರೆ ಸ್ನೇಹಿತರು. ಕೊಳ್ಳಬಹುದೇ? ನನ್ನ ಕಾಯಿಲೆಯ ವಿಷಯ ಹೊರಬಿದ್ದರೆ ವೀಸಾಕ್ಕೆ, ಕೆಲಸಕ್ಕೆ ತೊಂದರೆಯಾಗುತ್ತದೆಯೇ? ಇದೇ ಕಾಗದ ವಿಮಾನ ಪ್ರಯಾಣಕ್ಕೂ ಸಾಕಾಗುತ್ತದೆಯೇ?

ಉತ್ತರ: ಸರ್ಟಿಫಿಕೇಟ್ ಕೊಳ್ಳಬೇಡಿ. ನಾಯಿಯನ್ನು ಎಲ್ಲಿಗೂ ಕಳುಹಿಸಬೇಡಿ. ಆ 500 ಡಾಲರನ್ನು ಈಗಲೇ ಕಟ್ಟಲೂ ಬೇಡಿ. ತಿಂಗಳ ಬಾಡಿಗೆಯನ್ನು ಮಾತ್ರ ಒಂದು ದಿನವೂ ತಡಮಾಡದೆ ಕಟ್ಟುತ್ತಿರಿ. ನಾಯಿಯ ವಿಷಯದಲ್ಲಿ ನೀವು ಎಷ್ಟೇ ಸರಿಯಿದ್ದರೂ ಬಾಡಿಗೆ ಬಾಕಿ ಉಳಿಸಿಕೊಂಡರೆ ನಿಮ್ಮನ್ನು ಎಬ್ಬಿಸಲು ಅವರಿಗೆ ಬೇರೆಯೇ ಕಾರಣ ಸಿಕ್ಕಂತಾಗುತ್ತದೆ. ಈ ವಾರ ಆಗಬೇಕಾದ ಕೆಲಸ ಎರಡು: ಫ್ಯಾಮಿಲಿ ಡಾಕ್ಟರಿಂದ ಒಂದು ಪತ್ರ ಪಡೆಯುವುದು, ಅಪಾರ್ಟ್‌ಮೆಂಟ್ ಕಚೇರಿಗೆ ನೀವೇ ಒಂದು ಪತ್ರ ಬರೆಯುವುದು. ಎರಡಕ್ಕೂ ಸೇರಿ ಎರಡು ಪುಟ ಮೀರುವುದಿಲ್ಲ.

ಇಷ್ಟು ಖಚಿತವಾಗಿ ಹೇಳುವುದಕ್ಕೆ ಆಧಾರ ಫೇರ್ ಹೌಸಿಂಗ್ ಆಕ್ಟ್ ಎಂಬ ಫೆಡರಲ್ ಕಾಯಿದೆ, ಅಂದರೆ ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾಯಿದೆ. 1968ರಲ್ಲಿ ಬಂದ ಈ ಕಾಯಿದೆ ಮೊದಲು ಬಣ್ಣ, ಧರ್ಮ, ಮೂಲದೇಶದಂಥ ಕಾರಣಗಳಿಗೆ ಮನೆ ನಿರಾಕರಿಸುವುದನ್ನು ತಡೆಯಿತು. 1988ರ ತಿದ್ದುಪಡಿಯಲ್ಲಿ ಅಂಗವೈಕಲ್ಯವೂ ಆ ಪಟ್ಟಿಗೆ ಸೇರಿತು, ದೈಹಿಕವಾದದ್ದೂ ಮಾನಸಿಕವಾದದ್ದೂ. ಅಂಗವಿಕಲರು ಇತರರಂತೆಯೇ ಮನೆಯಲ್ಲಿ ಬಾಳುವುದಕ್ಕೆ ಅಗತ್ಯವಿದ್ದರೆ ಮಾಲೀಕರು ತಮ್ಮ ನಿಯಮವನ್ನು ಸಡಿಲಿಸಬೇಕು ಎನ್ನುತ್ತದೆ ಈ ತಿದ್ದುಪಡಿ. ರೀಸನಬಲ್ ಅಕಾಮಡೇಶನ್ ಎನ್ನುವುದು ಇದನ್ನೇ. ಕಾಯಿದೆಯಡಿ ಮಾಡಿದ ನಿಯಮಾವಳಿ ಇದಕ್ಕೆ ಕೊಡುವ ಮೊಟ್ಟಮೊದಲ ಉದಾಹರಣೆಯೇ ನಾಯಿಯದು. ಕಣ್ಣು ಕಾಣದವರೊಬ್ಬರು ದಾರಿ ತೋರಿಸುವ ನಾಯಿಯೊಂದಿಗೆ ಮನೆ ಕೇಳಿಕೊಂಡು ಬರುತ್ತಾರೆ. ಕಟ್ಟಡದಲ್ಲಿ ಸಾಕುಪ್ರಾಣಿ ನಿಷಿದ್ಧ. ಆ ನೆಪದಲ್ಲಿ ಅವರಿಗೆ ಮನೆ ನಿರಾಕರಿಸಿದರೆ ಅದು ಕಾನೂನಿನ ಉಲ್ಲಂಘನೆ. ಕಾರಣವನ್ನೂ ಅಲ್ಲಿಯೇ ಹೇಳಿದೆ: ನಾಯಿ ಇಲ್ಲದೆ ಆ ವ್ಯಕ್ತಿಗೆ ಮನೆಯನ್ನು ಬೇರೆಯವರಷ್ಟೇ ಸಮನಾಗಿ ಬಳಸುವ ಅವಕಾಶ ಇರುವುದಿಲ್ಲ. ನಿಮ್ಮ ಪ್ರಕರಣದ ತಿರುಳೂ ಇದೇ. ನಿಮ್ಮ ಕಾಯಿಲೆಗೂ ನಾಯಿಗೂ ಇರುವ ಸಂಬಂಧವನ್ನು ತಿಳಿದವರೊಬ್ಬರು ಸ್ಪಷ್ಟವಾಗಿ ಹೇಳಿದರೆ ಸಾಕು, ನಾಯಿಯ ಕೊರಳಲ್ಲಿ ಏನು ತೂಗುತ್ತಿದೆ ಎಂಬ ಪ್ರಶ್ನೆಯೇ ಬರುವುದಿಲ್ಲ.

ಜನ ಮುಗ್ಗರಿಸುವುದು ಎರಡು ಕಾಯಿದೆಗಳನ್ನು ಒಂದೇ ಎಂದುಕೊಂಡಾಗ. ಅಂಗಡಿ, ಹೋಟೆಲ್, ಆಸ್ಪತ್ರೆಯಂಥ ಸಾರ್ವಜನಿಕ ಜಾಗಗಳಿಗೆ ಅನ್ವಯಿಸುವುದು ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್. ಅದರ ಪ್ರಕಾರ ಸರ್ವಿಸ್ ಅನಿಮಲ್ ಎಂದರೆ ನಾಯಿ ಮಾತ್ರ, ಅದೂ ಅಂಗವೈಕಲ್ಯಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೆಲಸವೊಂದನ್ನು ಕಲಿಸಿದ ನಾಯಿ. ಪಕ್ಕದಲ್ಲಿ ಇದ್ದು ಸಮಾಧಾನ ಕೊಡುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆ ಮನೆಗೆ ಅನ್ವಯಿಸುವ ಫೇರ್ ಹೌಸಿಂಗ್ ಆಕ್ಟ್ ಇದಕ್ಕಿಂತ ವಿಶಾಲವಾದದ್ದು. ನೆರವಿನ ಪ್ರಾಣಿ ತರಬೇತಿ ಪಡೆದಿರಲೇಬೇಕೆಂದು ಅದು ಹೇಳುವುದಿಲ್ಲ. ಕಾಯಿಲೆಯ ಬಾಧೆಯನ್ನು ತಗ್ಗಿಸುವ ಬೆಕ್ಕಿಗೂ ಅಲ್ಲಿ ಜಾಗವಿದೆ. ಎಮೋಷನಲ್ ಸಪೋರ್ಟ್ ಅನಿಮಲ್ ಎಂದು ಜನ ಕರೆಯುವುದು ಇಂಥ ಪ್ರಾಣಿಗಳನ್ನೇ.

ನಿಮ್ಮ ನಾಯಿ ಇವೆರಡರ ನಡುವಿನ ಗೆರೆಯ ಮೇಲೆ ನಿಂತಿದೆ. ನೀವು ನರಳಿದಾಗ ಅದು ಎಬ್ಬಿಸುವುದನ್ನು ಯಾರಾದರೂ ಅಭ್ಯಾಸ ಮಾಡಿಸಿದ್ದರೆ, ಅಂದರೆ ಇಂಥ ಸದ್ದು ಕೇಳಿದರೆ ಹೀಗೆ ಮಾಡಬೇಕು ಎಂದು ಕಲಿಸಿ ಅದು ಪ್ರತಿ ಸಲವೂ ಹಾಗೆಯೇ ಮಾಡುತ್ತಿದ್ದರೆ, ಅದು ಕೆಲಸ ಕಲಿತ ಸರ್ವಿಸ್ ನಾಯಿ. ಕಲಿಸಿದವರು ನೀವೇ ಆಗಿದ್ದರೂ ಅಡ್ಡಿಯಿಲ್ಲ, ಶಾಲೆಗೆ ಕಳುಹಿಸಿರಲೇಬೇಕೆಂದು ಕಾನೂನು ಕೇಳುವುದಿಲ್ಲ. ತಾನಾಗಿಯೇ ಪ್ರೀತಿಯಿಂದ ಬಂದು ನೆಕ್ಕುತ್ತಿದ್ದರೆ ಅದು ನೆರವಿನ ಪ್ರಾಣಿ. ಅಂಗಡಿಯ ಬಾಗಿಲಲ್ಲಿ ಈ ವ್ಯತ್ಯಾಸ ದೊಡ್ಡದು, ನಿಮ್ಮ ಮನೆಯ ಬಾಗಿಲಲ್ಲಿ ಅಷ್ಟಾಗಿ ಇಲ್ಲ. ಆದ್ದರಿಂದ ಕಚೇರಿಗೆ ಬರೆಯುವಾಗ ನಾಯಿಗೆ ಇಲ್ಲದ ತರಬೇತಿಯನ್ನು ಇದೆ ಎಂದು ಹೇಳಬೇಡಿ. ನಿಜ ಹೇಳಿದರೂ ನಿಮಗೆ ಹಕ್ಕಿದೆ. ಸುಳ್ಳು ಸೇರಿಸಿದರೆ ಇರುವ ಹಕ್ಕಿನ ಮೇಲೂ ಅನುಮಾನ ಬೀಳುತ್ತದೆ.

ಇದೇ ವಿಷಯದಲ್ಲಿ 1995ರ ತೀರ್ಪೊಂದನ್ನು ನೆನಪಿಸುತ್ತೇನೆ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಕಿವಿ ಕೇಳಿಸದ ಇಬ್ಬರು ಮಹಿಳೆಯರು ನಾಯಿ ಇಟ್ಟುಕೊಳ್ಳಲು ಅನುಮತಿ ಕೇಳಿದರು. ನಾಯಿಗೆ ತರಬೇತಿಯೇ ಆಗಿಲ್ಲ ಎಂಬುದು ಮಾಲೀಕರ ವಾದ. ಏಳನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಮಾನ್ಯತೆ ಪಡೆದ ಶಾಲೆಯ ಪತ್ರ ಇದೆಯೇ ಇಲ್ಲವೇ ಎನ್ನುವುದೇ ಅಂತಿಮವಲ್ಲ ಎಂದಿತು. ಕಿವುಡರಿಗೆ ನೆರವಾಗುವ ನಾಯಿಯ ಅಗತ್ಯವನ್ನು ಮಾಲೀಕರ ಸಾಕುಪ್ರಾಣಿ ನಿಷೇಧದ ಎದುರಿಟ್ಟು ತೂಗಿದರೆ ಅಗತ್ಯದ ಕಡೆಯೇ ಭಾರ ಹೆಚ್ಚು ಎಂಬುದನ್ನೂ ಹೇಳಿತು. ಆದರೆ ನಾಯಿ ನಿಜಕ್ಕೂ ನೆರವಾಗುತ್ತಿದೆಯೇ ಎಂಬುದು ಸಾಕ್ಷ್ಯದಿಂದ ತಿಳಿಯಬೇಕಾದ ಸಂಗತಿ. ನಿಮ್ಮ ಸಾಕ್ಷ್ಯ ಏನು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

149 ಡಾಲರಿನ ಆ ಕಾಗದ ಸಾಕ್ಷ್ಯವಾಗಲಾರದು. ಅಮೆರಿಕದಲ್ಲಿ ನೆರವಿನ ಪ್ರಾಣಿಗಳ ಸರ್ಕಾರಿ ನೋಂದಣಿ ಪುಸ್ತಕವೆಂಬುದೇ ಇಲ್ಲ. ಇಲ್ಲದ ಪುಸ್ತಕದಲ್ಲಿ ಹೆಸರು ಬರೆಸಿಕೊಡುತ್ತೇವೆಂದು ಆ ಜಾಲತಾಣಗಳು ಹಣ ಪಡೆಯುತ್ತವೆ. ನಿಮ್ಮನ್ನು ಎಂದೂ ನೋಡದವರು, ನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಿಸಿಕೊಂಡು, ದುಡ್ಡು ಕಟ್ಟಿದ ತಕ್ಷಣ ಅಚ್ಚುಹಾಕಿ ಕಳುಹಿಸುವ ಕಾಗದಕ್ಕೆ ಮ್ಯಾನೇಜರ್ ಬೆಲೆ ಕೊಡಬೇಕಾಗಿಲ್ಲ. 2019ರ ನವೆಂಬರಿನಲ್ಲಿ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ, ಎಲ್ಲರೂ ‘ಹಡ್’ ಎನ್ನುವ ಇಲಾಖೆಯ, ಕಾರ್ಯದರ್ಶಿಯೇ ಇಂಥ ಜಾಲತಾಣಗಳನ್ನು ತನಿಖೆ ಮಾಡಬೇಕೆಂದು, ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರ ಬರೆದರು. ರಾಜ್ಯಗಳೂ ಬಿಗಿಯಾಗಿವೆ. ಫ್ಲೋರಿಡಾದಲ್ಲಿ 2020ರಿಂದ ಸುಳ್ಳು ದಾಖಲೆ ತೋರಿಸಿ ಎಮೋಷನಲ್ ಸಪೋರ್ಟ್ ಪ್ರಾಣಿ ಎನ್ನುವುದು ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ, ಇಂಥ ನಾಯಿಗೆ ಪತ್ರ ಬರೆದುಕೊಡುವ ವೈದ್ಯರಿಗೂ ರೋಗಿಗೂ ಕನಿಷ್ಠ 30 ದಿನಗಳ ಚಿಕಿತ್ಸೆಯ ಸಂಬಂಧ ಇರಬೇಕು. ನೀವಿರುವುದು ನ್ಯೂಜೆರ್ಸಿಯಲ್ಲಿ, ಈ ಎರಡೂ ನಿಮಗೆ ಅನ್ವಯಿಸುವುದಿಲ್ಲ. ಆದರೂ ಮ್ಯಾನೇಜರುಗಳ ಮನಸ್ಸು ಎತ್ತ ತಿರುಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಹೊಳೆಯುವ ಗುರುತಿನ ಚೀಟಿ ಕಂಡ ಕೂಡಲೇ ಅವರಿಗೆ ಸಂಶಯ ಹುಟ್ಟುತ್ತದೆ. ನಿಮ್ಮಂಥ ನಿಜವಾದ ಅಗತ್ಯವಿರುವವರು ಅದನ್ನು ಹಿಡಿದುಕೊಂಡು ಹೋಗಿ ತಮ್ಮ ಮಾತಿನ ತೂಕವನ್ನು ತಾವೇ ಕಳೆದುಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಹಾಗೆಂದು ವೀಡಿಯೊ ಮೂಲಕ ನಡೆಯುವ ಎಲ್ಲ ಚಿಕಿತ್ಸೆಯೂ ಸಂಶಯಾಸ್ಪದವಲ್ಲ. ಲೈಸೆನ್ಸ್ ಇರುವ ವೈದ್ಯರು ನಿಜವಾಗಿ ಚಿಕಿತ್ಸೆ ಕೊಡುತ್ತಿದ್ದರೆ ಅದು ಪರದೆಯ ಮೇಲೆ ನಡೆದರೂ ಚಿಕಿತ್ಸೆಯೇ.

ಈಗ ವೈದ್ಯರ ಪತ್ರ. ಇದನ್ನು ಮನೋವೈದ್ಯರೇ ಬರೆಯಬೇಕೆಂದು ನಮ್ಮವರಲ್ಲಿ ಬಲವಾದ ನಂಬಿಕೆಯಿದೆ. ಹಾಗೇನಿಲ್ಲ. ಹಡ್ ಮತ್ತು ನ್ಯಾಯ ಇಲಾಖೆ 2004ರಲ್ಲಿ ಜಂಟಿಯಾಗಿ ಹೊರಡಿಸಿದ ವಿವರಣೆಯ ಪ್ರಕಾರ ವೈದ್ಯರು, ಇತರ ವೈದ್ಯಕೀಯ ವೃತ್ತಿಪರರು, ರೋಗಿಗಳೇ ಪರಸ್ಪರ ನೆರವಾಗುವ ಗುಂಪು, ವೈದ್ಯಕೀಯವಲ್ಲದ ಸೇವಾಸಂಸ್ಥೆ, ಅಥವಾ ವ್ಯಕ್ತಿಯ ಅಂಗವೈಕಲ್ಯವನ್ನು ಬಲ್ಲ ನಂಬಿಕಸ್ಥ ಮೂರನೆಯವರು ಯಾರೇ ಆದರೂ ದೃಢೀಕರಿಸಬಹುದು. ನಿಮಗೆ ಮಾತ್ರೆ ಬರೆದುಕೊಡುತ್ತಿರುವ ಫ್ಯಾಮಿಲಿ ಡಾಕ್ಟರ್ ಎಲ್ಲ ರೀತಿಯಲ್ಲೂ ಸರಿಯಾದವರು. ಮೈಸೂರಿನ ವೈದ್ಯರು ನಿಮ್ಮನ್ನು ಹೆಚ್ಚು ಬಲ್ಲವರಿರಬಹುದು, ಆದರೆ ಅವರಿಗೆ ಇಲ್ಲಿಯ ಲೈಸೆನ್ಸ್ ಇಲ್ಲ. ಅವರ ಪತ್ರವೊಂದನ್ನೇ ಮುಂದಿಟ್ಟರೆ ಮ್ಯಾನೇಜರ್ ಅದರ ಮೇಲೆಯೇ ವಾದ ಬೆಳೆಸುತ್ತಾರೆ. ಅವರಿಂದ ಚಿಕಿತ್ಸೆಯ ಸಾರಾಂಶವೊಂದನ್ನು ಬರೆಸಿಕೊಂಡು ಇಲ್ಲಿಯ ಡಾಕ್ಟರಿಗೆ ಕೊಡಿ. ಪತ್ರ ಬರೆಯುವವರಿಗೆ ಅದರಿಂದ ಧೈರ್ಯ ಬರುತ್ತದೆ. ಆ ಸಾರಾಂಶ ಅಪಾರ್ಟ್‌ಮೆಂಟ್ ಕಚೇರಿಗೆ ಹೋಗುವ ಅಗತ್ಯವಿಲ್ಲ.

ಡಾಕ್ಟರುಗಳು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಇವರು ನನ್ನ ರೋಗಿ. ನಾಯಿ ಇದ್ದರೆ ಇವರಿಗೆ ಅನುಕೂಲವಾಗುತ್ತದೆ.’ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಇಂಥ ಪತ್ರ ಕೆಲಸಕ್ಕೆ ಬರುವುದಿಲ್ಲ. ನಾಯಿ ಇದ್ದರೆ ಯಾರಿಗೆ ತಾನೆ ಅನುಕೂಲವಾಗುವುದಿಲ್ಲ? ಪತ್ರದಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು. ನೀವು ಅವರ ಚಿಕಿತ್ಸೆಯಲ್ಲಿದ್ದೀರಿ ಎಂಬುದು ಮೊದಲನೆಯದು. ನಿಮಗಿರುವ ತೊಂದರೆ ಬದುಕಿನ ಮುಖ್ಯ ಚಟುವಟಿಕೆಯೊಂದನ್ನಾದರೂ ಗಣನೀಯವಾಗಿ ಕುಂಠಿತಗೊಳಿಸುತ್ತದೆ ಎಂಬುದು ಎರಡನೆಯದು. ಕಾಯಿದೆಯಲ್ಲಿ ಅಂಗವೈಕಲ್ಯದ ವ್ಯಾಖ್ಯೆಯೇ ಇದು, ಹಾಗಾಗಿ ಆ ಮಾತು ಪತ್ರದಲ್ಲಿ ಇರಲೇಬೇಕು. ಈ ನಾಯಿಯಿಂದ ಆ ತೊಂದರೆಯ ಯಾವ ಬಾಧೆ ಹೇಗೆ ತಗ್ಗುತ್ತದೆ ಎಂಬುದು ಮೂರನೆಯದು. ನಿಮ್ಮ ವಿಷಯದಲ್ಲಿ ಡಾಕ್ಟರ್ ಹೀಗೆ ಬರೆಯಬಹುದು: ‘ಇವರು ನನ್ನ ಚಿಕಿತ್ಸೆಯಲ್ಲಿದ್ದಾರೆ. ಇವರಿಗಿರುವ ಆರೋಗ್ಯ ಸಮಸ್ಯೆಯಿಂದ ರಾತ್ರಿ ನಿದ್ದೆ ಮಾಡುವುದು, ಅದರ ಪರಿಣಾಮವಾಗಿ ಹಗಲು ಕೆಲಸ ಮಾಡುವುದು ಮತ್ತು ತಮ್ಮನ್ನು ತಾವು ನೋಡಿಕೊಳ್ಳುವುದು ಗಣನೀಯವಾಗಿ ಕುಂಠಿತವಾಗಿದೆ. ಇವರ ನಾಯಿ ರಾತ್ರಿ ಬರುವ ತೀವ್ರ ಭಯದ ಹೊತ್ತಿನಲ್ಲಿ ಇವರನ್ನು ಎಬ್ಬಿಸಿ ಶಾಂತಗೊಳಿಸುತ್ತದೆ. ಇವರು ಈ ಮನೆಯಲ್ಲಿ ವಾಸಿಸಲು ಆ ನಾಯಿ ಜೊತೆಗಿರುವುದು ಅಗತ್ಯ.’ ಲೆಟರ್‌ಹೆಡ್, ದಿನಾಂಕ, ಸಹಿ, ಲೈಸೆನ್ಸ್ ಸಂಖ್ಯೆ ಇದ್ದರೆ ಪತ್ರ ಪೂರ್ತಿಯಾಯಿತು. ಡಾಕ್ಟರಿಗೆ ನಾಯಿ ಮಾಡುವುದೇನೆಂದು ನೀವು ಇದುವರೆಗೆ ಹೇಳಿಯೇ ಇಲ್ಲದಿರಬಹುದು. ಈ ಭೇಟಿಯಲ್ಲಿ ವಿವರವಾಗಿ ಹೇಳಿ: ವಾರದಲ್ಲಿ ಎಷ್ಟು ರಾತ್ರಿ, ಮೊದಲು ಹೇಗಿತ್ತು, ಈಗ ಹೇಗಿದೆ. ತಮಗೆ ಗೊತ್ತಿರುವುದನ್ನಷ್ಟೇ ಅವರು ಬರೆಯಬಲ್ಲರು.

ಆ ಮಾದರಿಯಲ್ಲಿ ಕಾಯಿಲೆಯ ಹೆಸರು ಇಲ್ಲದಿರುವುದನ್ನು ಗಮನಿಸಿ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಅಂಗವೈಕಲ್ಯ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಮ್ಯಾನೇಜರ್ ದೃಢೀಕರಣ ಕೇಳಬಹುದು. ಆದರೆ ರೋಗದ ಹೆಸರು, ಮಾತ್ರೆಗಳ ಪಟ್ಟಿ, ಆಸ್ಪತ್ರೆಯ ದಾಖಲೆ ಇವುಗಳಿಗೆ ಕೈಚಾಚುವಂತಿಲ್ಲ. ಕೇಳಿದರೆ ‘ಅಗತ್ಯವಿರುವಷ್ಟು ಮಾಹಿತಿ ಪತ್ರದಲ್ಲಿದೆ’ ಎಂದು ವಿನಯದಿಂದಲೇ ನಿರಾಕರಿಸಿ.

ಇನ್ನು ನೀವು ಅಳುಕುತ್ತಾ ಕೇಳಿದ ಪ್ರಶ್ನೆ. ನಮ್ಮ ಜನ ಮೊಣಕಾಲು ನೋವನ್ನು ಹತ್ತು ಮಂದಿಯೆದುರು ಹೇಳಿಕೊಳ್ಳುತ್ತಾರೆ, ಮನಸ್ಸಿನ ನೋವನ್ನು ಹೆಂಡತಿಗೂ ಹೇಳದೆ ನುಂಗುತ್ತಾರೆ. ಈ ಮುಚ್ಚುಮರೆಯಿಂದಾಗಿ ಹಕ್ಕಿದ್ದೂ ಕೇಳದೆ ಮನೆ ಖಾಲಿ ಮಾಡಿದವರನ್ನು, ನಾಯಿಯನ್ನು ಯಾರಿಗೋ ಕೊಟ್ಟು ಮತ್ತೆ ನಿದ್ದೆಗೆಟ್ಟವರನ್ನು ಬಲ್ಲೆ. ನಿಮ್ಮ ಕೋರಿಕೆ ನಿಮ್ಮ ಮತ್ತು ಅಪಾರ್ಟ್‌ಮೆಂಟ್ ಕಚೇರಿಯ ನಡುವಿನ ವ್ಯವಹಾರ. ಅದು ವಲಸೆ ಇಲಾಖೆಗೆ ಸಲ್ಲಿಸುವ ಅರ್ಜಿಯಲ್ಲ, ನಿಮ್ಮ ಕಂಪನಿಗೆ ಹೋಗುವ ಕಾಗದವೂ ಅಲ್ಲ. ಫೇರ್ ಹೌಸಿಂಗ್ ಆಕ್ಟ್ ರಕ್ಷಣೆ ಕೊಡುವುದು ಅಮೆರಿಕದ ಪ್ರಜೆಗಳಿಗೆ ಮಾತ್ರವಲ್ಲ, ಎಚ್-1ಬಿಯಲ್ಲಿರುವ ನಿಮಗೂ ಅದು ಅಷ್ಟೇ ಅನ್ವಯಿಸುತ್ತದೆ. ಈ ಹಕ್ಕನ್ನು ಕೇಳುವುದರಿಂದ ವೀಸಾದ ಯಾವ ಷರತ್ತೂ ಮುರಿಯುವುದಿಲ್ಲ. ಕೇಳಿದ ತಪ್ಪಿಗೆ ಹೆದರಿಸುವುದು, ಕಿರುಕುಳ ಕೊಡುವುದು ಅದೇ ಕಾಯಿದೆಯಡಿ ಪ್ರತ್ಯೇಕ ಉಲ್ಲಂಘನೆ. ‘ನಿಮ್ಮ ವೀಸಾ ಸ್ಥಿತಿ ನೋಡಬೇಕಾಗುತ್ತದೆ’ ಎಂದು ಯಾರಾದರೂ ಅಂದರೆ ಅಂದವರ ಹೆಸರು, ದಿನಾಂಕ, ಆಡಿದ ಮಾತು ಬರೆದಿಟ್ಟುಕೊಳ್ಳಿ.

ಕಚೇರಿಗೆ ನೀವು ಬರೆಯುವ ಪತ್ರ ಚಿಕ್ಕದಿರಲಿ. ಬಾಯಿಮಾತಿನಲ್ಲಿ ಕೇಳಿದರೂ ಕಾನೂನಿನ ಕಣ್ಣಿನಲ್ಲಿ ಅದು ಕೋರಿಕೆಯೇ, ಆದರೆ ನಾಳೆ ‘ಇವರು ಕೇಳಿಯೇ ಇಲ್ಲ’ ಎಂದರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಇಮೇಲ್ ಮಾಡಿ. ನೋಟಿಸಿನ ದಿನಾಂಕ ನಮೂದಿಸಿ, ‘ನನಗೆ ಅಂಗವೈಕಲ್ಯವಿದೆ. ಅದರ ಕಾರಣ ನನಗೆ ನೆರವಿನ ಪ್ರಾಣಿಯ ಅಗತ್ಯವಿದೆ. ಫೇರ್ ಹೌಸಿಂಗ್ ಆಕ್ಟ್ ಮತ್ತು ನ್ಯೂಜೆರ್ಸಿಯ ತಾರತಮ್ಯ ವಿರೋಧಿ ಕಾಯಿದೆಯಡಿ ರೀಸನಬಲ್ ಅಕಾಮಡೇಶನ್ ಆಗಿ ಈ ನಾಯಿಯನ್ನು ಇಟ್ಟುಕೊಳ್ಳಲು ಅನುಮತಿ ಕೊಡಬೇಕು, ಸಾಕುಪ್ರಾಣಿಯ ಶುಲ್ಕ, ಪೆಟ್ ರೆಂಟ್ ಮತ್ತು ತಳಿಯ ನಿರ್ಬಂಧವನ್ನು ಇದಕ್ಕೆ ಅನ್ವಯಿಸಬಾರದು’ ಎಂದು ಕೇಳಿ, ಡಾಕ್ಟರ ಪತ್ರ ಲಗತ್ತಿಸಿ. ಲಿಖಿತ ಉತ್ತರ ಬೇಕೆಂದು ಕೊನೆಯಲ್ಲಿ ಬರೆಯಿರಿ. ಡಾಕ್ಟರ ಪತ್ರಕ್ಕೆ ಎರಡು ವಾರ ಕಾಯಬೇಕಾಗಿ ಬಂದರೆ ಕೋರಿಕೆಯನ್ನು ಇಂದೇ ಕಳುಹಿಸಿ, ಪತ್ರ ಬರುತ್ತಿದೆ ಎಂದು ತಿಳಿಸಿ. 30 ದಿನಗಳ ಗಡುವಿನ ಕೊನೆಗೆ ತಳ್ಳಬೇಡಿ. ನೋಟಿಸ್ ಬಂದ ಮೇಲೂ ಕೋರಿಕೆ ಸಲ್ಲಿಸಬಹುದು, ಹಳೆಯ ಮ್ಯಾನೇಜರ್ ಇದ್ದಾಗ ಕೇಳದೇ ಇದ್ದದ್ದು ಹಕ್ಕನ್ನು ಕಳೆಯುವುದಿಲ್ಲ. ಇನ್ನೊಂದು ಮಾತು: ನ್ಯೂಜೆರ್ಸಿಯಲ್ಲಿ ನ್ಯಾಯಾಲಯದ ಆದೇಶವಿಲ್ಲದೆ ಬೀಗ ಬದಲಿಸಿ ನಿಮ್ಮನ್ನು ಹೊರಹಾಕಲು ಯಾರಿಗೂ ಅಧಿಕಾರವಿಲ್ಲ. 31ನೇ ದಿನ ಬೀದಿಗೆ ಬೀಳುತ್ತೇವೆಂಬ ಭಯ ಬಿಡಿ.

ಈಗ ಅನೇಕ ಸಮುಚ್ಚಯಗಳು ಪ್ರಾಣಿಗಳ ಅರ್ಜಿಯನ್ನು ಹೊರಗಿನ ಯಾವುದೋ ಜಾಲತಾಣಕ್ಕೆ ವಹಿಸಿಬಿಟ್ಟಿವೆ. ಅಲ್ಲಿ ಫಾರಂ ತುಂಬಿದರೆ ಬೇಗ ಆಗುತ್ತದೆ ಎನ್ನುವುದಾದರೆ ತುಂಬಿ, ಜಗಳವೇಕೆ. ಆದರೆ ತಮ್ಮದೇ ಫಾರಂನಲ್ಲಿ ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಕೋರಿಕೆಯನ್ನು ತಳ್ಳಿಹಾಕುವಂತಿಲ್ಲ ಎಂಬುದು ಆ 2004ರ ವಿವರಣೆಯಲ್ಲಿಯೇ ಇದೆ.

ತಳಿಯ ವಿಷಯಕ್ಕೆ ಬರೋಣ. ಸಾಕುನಾಯಿಗಳಿಗೆ ಜರ್ಮನ್ ಶೆಫರ್ಡ್ ಬೇಡ, 25 ಕಿಲೋ ಮೀರಬಾರದು ಎಂದೆಲ್ಲ ಮಾಲೀಕರು ನಿಯಮ ಮಾಡಬಹುದು. ನೆರವಿನ ನಾಯಿಗೆ ಆ ನಿಯಮ ಹಾಗೆಯೇ ಅನ್ವಯಿಸುವುದಿಲ್ಲ. ನಿರಾಕರಿಸಬೇಕಾದರೆ ಇದೇ ನಾಯಿ, ತನ್ನದೇ ನಡವಳಿಕೆಯಿಂದ, ಇತರರಿಗೆ ನೇರ ಅಪಾಯ ಎಂದೋ ಆಸ್ತಿಗೆ ದೊಡ್ಡ ಹಾನಿ ಮಾಡುತ್ತದೆ ಎಂದೋ ಅವರು ತೋರಿಸಬೇಕು. ಈ ಜಾತಿಯ ನಾಯಿಗಳು ಕಚ್ಚುತ್ತವಂತೆ ಎಂಬ ಅಂತೆಕಂತೆ ಸಾಲದು. ‘ನಮ್ಮ ವಿಮೆ ಕಂಪನಿ ಒಪ್ಪುವುದಿಲ್ಲ’ ಎಂಬ ಉತ್ತರ ಬರುವ ಸಂಭವ ಹೆಚ್ಚು. ಹಾಗೆಂದರೆ ಪಾಲಿಸಿಯಲ್ಲಿ ಏನಿದೆ, ನೆರವಿನ ಪ್ರಾಣಿಗೆ ವಿನಾಯಿತಿ ಕೇಳಿದ್ದೀರಾ ಎಂದು ಬರಹದಲ್ಲಿಯೇ ವಿಚಾರಿಸಿ. ನಿಮ್ಮ ನಾಯಿ ಈ ವರ್ಷಗಳಲ್ಲಿ ಯಾರಿಗೂ ತೊಂದರೆ ಕೊಟ್ಟಿಲ್ಲ ಎಂಬುದಕ್ಕೆ ಪಕ್ಕದ ಮನೆಯವರಿಬ್ಬರ ನಾಲ್ಕು ಸಾಲು, ಪಶುವೈದ್ಯರದೊಂದು ಚೀಟಿ ಇಟ್ಟುಕೊಂಡಿರಿ. ಕಾನೂನು ಅದನ್ನು ಕೇಳುವುದಿಲ್ಲ, ಆದರೆ ದೊಡ್ಡ ನಾಯಿಯ ವಿಷಯದಲ್ಲಿ ಎದುರಿನವರ ಹೆದರಿಕೆ ಇಳಿಸುವುದಕ್ಕೆ ಅದರಷ್ಟು ಉಪಯೋಗಕ್ಕೆ ಬರುವ ಕಾಗದ ಬೇರೆ ಇಲ್ಲ.

ಹಣದ ಲೆಕ್ಕ ನೇರ. ನೆರವಿನ ಪ್ರಾಣಿ ಕಾನೂನಿನ ದೃಷ್ಟಿಯಲ್ಲಿ ಸಾಕುಪ್ರಾಣಿ ಅಲ್ಲ, ಆದ್ದರಿಂದ ಪೆಟ್ ಡಿಪಾಸಿಟ್, ಪೆಟ್ ರೆಂಟ್ ಕೇಳುವಂತಿಲ್ಲ. ಆದರೆ ನಾಯಿ ಬಾಗಿಲು ಗೀಚಿದರೆ, ಕಾರ್ಪೆಟ್ ಹಾಳುಮಾಡಿದರೆ ಆ ನಷ್ಟವನ್ನು ನಿಮ್ಮ ಸಾಮಾನ್ಯ ಠೇವಣಿಯಿಂದ ಮುರಿದುಕೊಳ್ಳಬಹುದು.

ಹಕ್ಕಿನೊಂದಿಗೆ ಹೊಣೆಯೂ ಪೂರ್ತಿ ನಿಮ್ಮದೇ. ರೇಬೀಸ್ ಲಸಿಕೆ, ಊರಿನ ಆಡಳಿತದಿಂದ ನಾಯಿ ಲೈಸೆನ್ಸ್, ಹೊರಗೆ ಹೋದಾಗ ಬೆಲ್ಟ್, ಮಾಡಿದ ಹೇಸಿಗೆಯನ್ನು ತಕ್ಷಣ ಎತ್ತುವುದು, ನೀವು ಕಚೇರಿಗೆ ಹೋದಾಗ ಅದು ಗಂಟೆಗಟ್ಟಲೆ ಬೊಗಳದಂತೆ ನೋಡಿಕೊಳ್ಳುವುದು, ಎಲ್ಲವೂ. ನಾಯಿ ಕಚ್ಚಿದರೆ, ಪದೇ ಪದೇ ದೂರು ಬಂದರೆ, ಕೊಟ್ಟ ಅನುಮತಿಯನ್ನು ಅವರು ಮರುಪರಿಶೀಲಿಸಬಹುದು. ನೆರೆಮನೆಯಲ್ಲಿ ನಾಯಿಯ ಕೂದಲಿಗೆ ತೀವ್ರ ಅಲರ್ಜಿ ಇರುವವರಿದ್ದರೆ ಅವರ ತೊಂದರೆಯೂ ನಿಮ್ಮದರಷ್ಟೇ ನಿಜ. ಬೇರೆ ಲಿಫ್ಟ್ ಬಳಸುತ್ತೇನೆ, ಬೇರೆ ಹೊತ್ತಿನಲ್ಲಿ ಹೊರಗೆ ಕರೆದೊಯ್ಯುತ್ತೇನೆ ಎಂದು ನೀವಾಗಿಯೇ ಮುಂದೆ ಬಂದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಎಚ್ಚರಿಕೆ. ಈ ಕಾಯಿದೆ ಎಲ್ಲ ಮನೆಗೂ ಅನ್ವಯಿಸುವುದಿಲ್ಲ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ಕಟ್ಟಡದಲ್ಲಿ ಮಾಲೀಕರೇ ವಾಸವಿದ್ದರೆ ಫೆಡರಲ್ ಕಾಯಿದೆಯಿಂದ ಅವರಿಗೆ ವಿನಾಯಿತಿ ಇದೆ. ನ್ಯೂಜೆರ್ಸಿಯ ಕಾಯಿದೆಯಲ್ಲಿ ಆ ವಿನಾಯಿತಿ ಇನ್ನೂ ಕಿರಿದು: ಎರಡೇ ಮನೆಗಳ ಕಟ್ಟಡ, ಒಂದರಲ್ಲಿ ಮಾಲೀಕರೇ ಇದ್ದರೆ ಮಾತ್ರ. ನಮ್ಮವರಲ್ಲಿ ಎಷ್ಟೋ ಮಂದಿ, ಪರಿಚಯದವರ ಇಂಥದ್ದೇ ಎರಡು ಮನೆಯ ಕಟ್ಟಡದಲ್ಲಿ ಮೇಲ್ಮಹಡಿಗೆ ಬಾಡಿಗೆಗೆ ಹೋಗುತ್ತಾರೆ. ಅಲ್ಲಿ ಕಾನೂನಿಗಿಂತ ಮಾಲೀಕರೊಂದಿಗಿನ ಒಪ್ಪಂದವೇ ಮುಖ್ಯ, ನಾಯಿಯ ವಿಷಯವನ್ನು ಲೀಸ್‌ಗೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ತಮಗೆ ಇದು ಅನ್ವಯಿಸುವುದಿಲ್ಲ ಎಂದುಕೊಂಡಿರುತ್ತಾರೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕಿಯರ್ನಿ ಕ್ಯಾಂಪಸ್‌ನ ಪ್ರಕರಣದಲ್ಲಿ, ವಿದ್ಯಾರ್ಥಿಗಳ ವಸತಿಗೂ ಫೇರ್ ಹೌಸಿಂಗ್ ಆಕ್ಟ್ ಅನ್ವಯಿಸುತ್ತದೆ ಎಂದು ಫೆಡರಲ್ ನ್ಯಾಯಾಲಯ 2013ರಲ್ಲಿ ಹೇಳಿತು. ಆತಂಕ ಮತ್ತು ಖಿನ್ನತೆಯಿಂದ ಬಳಲುತ್ತಿದ್ದ ವಿದ್ಯಾರ್ಥಿನಿಯೊಬ್ಬರಿಗೆ ಪುಟ್ಟ ನಾಯಿ ಇಟ್ಟುಕೊಳ್ಳಲು ಬಿಡದ ಆ ಪ್ರಕರಣ 2015ರಲ್ಲಿ 1.40 ಲಕ್ಷ ಡಾಲರಿಗೆ ಇತ್ಯರ್ಥವಾಯಿತು.

ಕಚೇರಿಯವರು ನಿರಾಕರಿಸಿದರೆ ಅಥವಾ ಉತ್ತರವನ್ನೇ ಕೊಡದೆ ಎಳೆದಾಡಿದರೆ? ವಿನಾಕಾರಣ ತಡಮಾಡುವುದನ್ನೂ ನಿರಾಕರಣೆ ಎಂದು ಪರಿಗಣಿಸಬಹುದು. ಹತ್ತು ದಿನ ನೋಡಿ ಒಂದು ನೆನಪೋಲೆ ಕಳುಹಿಸಿ. ಆಮೇಲೂ ಬಗೆಹರಿಯದಿದ್ದರೆ ದೂರು ಕೊಡುವ ಬಾಗಿಲುಗಳು ಮೂರು. ನ್ಯೂಜೆರ್ಸಿಯ ನಾಗರಿಕ ಹಕ್ಕುಗಳ ವಿಭಾಗಕ್ಕೆ 180 ದಿನಗಳೊಳಗೆ, ಹಡ್‌ಗೆ ಒಂದು ವರ್ಷದೊಳಗೆ ದೂರು ಕೊಡಬೇಕು. ಫೆಡರಲ್ ಕಾಯಿದೆಯಡಿ ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶವಿದೆ. ಮೊದಲ ಎರಡಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ನನ್ನ ಸಲಹೆ ರಾಜ್ಯದ ವಿಭಾಗದಿಂದ ಶುರುಮಾಡಿ ಎಂದು, ಏಕೆಂದರೆ ಅದರ ಗಡುವು ಎಲ್ಲಕ್ಕಿಂತ ಚಿಕ್ಕದು. ಹಡ್ ಕಾಲಕಾಲಕ್ಕೆ ಹೊರಡಿಸುವ ಮಾರ್ಗಸೂಚಿಗಳನ್ನು ಪತ್ರದಲ್ಲಿ ಉದ್ಧರಿಸುವ ರೂಢಿ ಇದೆ. ಆಡಳಿತ ಬದಲಾದಂತೆ ಮಾರ್ಗಸೂಚಿಗಳೂ ಬದಲಾಗುತ್ತವೆ. ನೀವು ಕಾಯಿದೆಯ ಹೆಸರನ್ನೇ ಬರೆಯಿರಿ, ಅದನ್ನು ಬದಲಿಸಲು ಅಮೆರಿಕದ ಸಂಸತ್ತೇ ಬೇಕು.

ಕೊನೆಯದಾಗಿ ವಿಮಾನ. ಮನೆಗೆ ಸಾಕಾಗುವ ಈ ಪತ್ರ ಅಲ್ಲಿ ನಡೆಯುವುದಿಲ್ಲ. 2021ರ ಜನವರಿಯಿಂದ ವಿಮಾನಯಾನ ಸಂಸ್ಥೆಗಳು ಎಮೋಷನಲ್ ಸಪೋರ್ಟ್ ಪ್ರಾಣಿಗಳನ್ನು ಸಾಮಾನ್ಯ ಸಾಕುಪ್ರಾಣಿಗಳಂತೆಯೇ ಕಾಣಬಹುದು, ಶುಲ್ಕವನ್ನೂ ಪಡೆಯಬಹುದು. ಕೆಲಸ ಕಲಿತ ಸರ್ವಿಸ್ ನಾಯಿಗೆ ಮಾತ್ರ ಪ್ರಯಾಣಿಕರೊಂದಿಗೆ ಶುಲ್ಕವಿಲ್ಲದೆ ಹೋಗುವ ಅವಕಾಶ ಉಳಿದಿದೆ, ಮನಸ್ಸಿನ ಕಾಯಿಲೆಗೆ ನೆರವಾಗುವ ನಾಯಿಯೂ ಅದರಲ್ಲಿ ಸೇರಿದೆ. ಅದಕ್ಕೆ ಸಾರಿಗೆ ಇಲಾಖೆಯ ಫಾರಂನಲ್ಲಿ ನಾಯಿಯ ಆರೋಗ್ಯ, ನಡತೆ, ತರಬೇತಿ ಕುರಿತು ಸಹಿ ಹಾಕಿ ಕೊಡಬೇಕಾಗಬಹುದು, ಅಲ್ಲಿ ಸುಳ್ಳು ಬರೆಯುವುದು ಫೆಡರಲ್ ಅಪರಾಧ. ನಿಮ್ಮ ನಾಯಿಯನ್ನು ಹಾಗೆ ಕರೆದೊಯ್ಯುವ ಆಸೆಯಿದ್ದರೆ ರಾತ್ರಿ ಎಬ್ಬಿಸುವ ಕೆಲಸವನ್ನು ಈಗಿನಿಂದಲೇ ಕ್ರಮವಾಗಿ ಕಲಿಸಲು ಆರಂಭಿಸಿ. ಜನಸಂದಣಿಯಲ್ಲಿ ನಿಮ್ಮ ಕಾಲ ಬಳಿ ಸುಮ್ಮನೆ ಮಲಗಿರುವುದನ್ನೂ ಕಲಿಸಿ. ಟಿಕೆಟ್ ಕಾಯ್ದಿರಿಸುವುದು ಅದು ಚೆನ್ನಾಗಿ ರೂಢಿಯಾದ ಮೇಲೆ.